ಕಿಚ್ಚಿಟ್ಟವನ ಕಾಡು

ಸಂಜೆಯ ಹೊತ್ತಿಗೆ ಕೈಯಲ್ಲೊಂದು ಕೋಲು ಹಿಡಿದು ಊರ ಹೊರಗಿನ ಕೆರೆಯ ಏರಿಯ ಮೇಲೆ ನಡೆದುಬರುವ ಹಿರಿಯರು ಎಲ್ಲ ಊರುಗಳಲ್ಲಿಯೂ ಉಂಟು. ಅವರ ದಾರಿ ಬದಲಾಗುವುದಿಲ್ಲ, ಹೊತ್ತೂ ಬದಲಾಗುವುದಿಲ್ಲ. 'ದಿನವೂ ಅದೇ ಕೆರೆ, ಅದೇ ಹುಣಿಸೆಮರ. ನೋಡುವುದಕ್ಕೆ ಅಲ್ಲಿ ಹೊಸತೇನಿದೆ?' ಎಂದು ಕೇಳುವವರೂ ಎಲ್ಲ ಊರುಗಳಲ್ಲಿ ಉಂಟು. ಹಳೆಯ ದಾರಿಯಲ್ಲಿಯೇ ನಡೆದು ಮನುಷ್ಯನು ಹೊಸಬನಾಗಬಹುದು ಎಂಬುದು ಇವರಿಗೆ ತೋರದ ಮಾತು. ಆ ಮಾತಿಗೆ ಸಾಕ್ಷಿಯಾಗಿ ನಿಲ್ಲಬಲ್ಲವನೊಬ್ಬನು ಅಮೆರಿಕದ ಕಾಂಕರ್ಡ್ ಎಂಬ ಚಿಕ್ಕ ಊರಿನಲ್ಲಿದ್ದನು. ಅವನೇ ಹೆನ್ರಿ ಡೇವಿಡ್ ಥೋರೋ.

ಈ ಹೆಸರು ನಮ್ಮವರಿಗೆ ಅಪರಿಚಿತವಲ್ಲ. 1845ರಲ್ಲಿ ವಾಲ್ಡನ್ ಕೊಳದ ದಡದಲ್ಲಿ ತನ್ನ ಕೈಯಿಂದಲೇ ಮನೆಯೊಂದನ್ನು ಕಟ್ಟಿಕೊಂಡು ಎರಡು ವರ್ಷಕ್ಕೂ ಮಿಕ್ಕು ಏಕಾಂತದಲ್ಲಿ ಬಾಳಿದವನು. ಭಗವದ್ಗೀತೆಯನ್ನು ಓದಿ ಮೆಚ್ಚಿದವನು. ಅನ್ಯಾಯದ ಶಾಸನಕ್ಕೆ ತಲೆಬಾಗಬಾರದೆಂದು ಬರೆದು, ಮುಂದೆ ಗಾಂಧೀಜಿಯವರ ಮೆಚ್ಚುಗೆಗೆ ಪಾತ್ರನಾದವನು. ವನದೇವತೆಯ ಪೂಜಾರಿಯೆಂದೇ ಲೋಕವು ಅವನನ್ನು ನೆನೆಯುತ್ತದೆ. ಆದರೆ ಈ ಪೂಜಾರಿಯು ಕೊಳದ ದಡಕ್ಕೆ ಹೋಗುವ ಹಿಂದಿನ ವರ್ಷವೇ ಊರ ಕಾಡಿಗೆ ಕಿಚ್ಚಿಟ್ಟಿದ್ದನೆಂಬುದನ್ನು ಬಲ್ಲವರು ಕಡಮೆ.

1844ರ ಏಪ್ರಿಲ್ ತಿಂಗಳ ಕೊನೆಯ ದಿನ. ಥೋರೋವಿಗೆ ಆಗ ಇಪ್ಪತ್ತಾರು ವರ್ಷ. ಗೆಳೆಯನೊಬ್ಬನೊಡನೆ ದೋಣಿಯಲ್ಲಿ ಹೋಗಿ, ಹೊಳೆಯಲ್ಲಿ ಮೀನು ಹಿಡಿದು, ದಡದ ಮರದ ಬುಡವೊಂದರಲ್ಲಿ ಅಡಿಗೆಗೆಂದು ಬೆಂಕಿ ಹೊತ್ತಿಸಿದನು. ಬಹುದಿನಗಳಿಂದ ಮಳೆಯಿಲ್ಲದೆ ಹುಲ್ಲು ಒಣಗಿ ನಿಂತಿತ್ತು. ಕಿಡಿಯು ಹುಲ್ಲಿಗೆ ತಗುಲಿತು; ಹುಲ್ಲಿನಿಂದ ಪೊದೆಗೆ, ಪೊದೆಯಿಂದ ಕಾಡಿಗೆ ಹಬ್ಬಿತು. ಥೋರೋ ಊರ ಕಡೆಗೆ ಓಡಿ ಜನರಿಗೆ ಸುದ್ದಿ ಮುಟ್ಟಿಸಿದನು. ಬಳಿಕ, ಒಬ್ಬನಿಂದ ಆಗುವುದೇನೂ ಇಲ್ಲವೆಂದು ತಿಳಿದು, ಬಂಡೆಯೊಂದರ ನೆತ್ತಿಯನ್ನೇರಿ ಕುಳಿತು ಉರಿಯನ್ನು ನೋಡಿದನು. ಸುಮಾರು 300 ಎಕರೆ ಕಾಡು ಬೂದಿಯಾಯಿತು.

'ಕಾಡು ಸುಟ್ಟವನು' ಎಂದು ಊರವರು ಅವನಿಗೆ ಹೆಸರಿಟ್ಟರು. ವರ್ಷಗಳು ಕಳೆದರೂ ಬೆನ್ನ ಹಿಂದೆ ಹಾಗೆಂದೇ ಆಡಿಕೊಂಡರು. ಹೆತ್ತವರು ಅವನಿಗಿಟ್ಟ ಹೆಸರು ಡೇವಿಡ್ ಹೆನ್ರಿ. ವಿದ್ಯಾಭ್ಯಾಸ ಮುಗಿದ ಮೇಲೆ ಅವನು ಯಾರನ್ನೂ ಕೇಳದೆ ಅದನ್ನು ಹಿಂದುಮುಂದು ಮಾಡಿಕೊಂಡಿದ್ದನು. ಹೆತ್ತವರು ಇಟ್ಟ ಹೆಸರನ್ನು ತಿದ್ದಿಕೊಳ್ಳುವುದು ಸುಲಭ. ಊರು ಇಟ್ಟ ಹೆಸರನ್ನು ಅಳಿಸುವ ಬಗೆ ಹೇಗೆ?

ಥೋರೋ 1837ರಿಂದಲೂ ದಿನಚರಿಯನ್ನು ಬರೆಯುತ್ತಿದ್ದನು. ಆದರೂ ಈ ಬೆಂಕಿಯ ಕಥೆಯನ್ನು ಅದರಲ್ಲಿ ವಿಸ್ತಾರವಾಗಿ ಬರೆದದ್ದು ಆರು ವರ್ಷಗಳ ತರುವಾಯ, 1850ರಲ್ಲಿ. ಆಗಲೂ ಅಲ್ಲಿ ಪಶ್ಚಾತ್ತಾಪಕ್ಕಿಂತ ವಾದವೇ ಹೆಚ್ಚು. ಸಿಡಿಲು ಬಡಿದು ಹೊತ್ತಿದ್ದರೂ ಕಾಡು ಹೀಗೆಯೇ ಉರಿಯುತ್ತಿರಲಿಲ್ಲವೆ ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುತ್ತಾನೆ. ಆದರೆ ನಿಜವಾಗಿ ಸಮಾಧಾನಗೊಂಡವನು ಆರು ವರ್ಷಗಳ ಮೇಲೆ ಅಷ್ಟು ಉದ್ದವಾಗಿ ವಾದಿಸುವನೆ? ಮಾಯದ ಗಾಯವೇ ಅಲ್ಲಿ ಮಾತಾಡುತ್ತಿದೆ.

ಈ ಗಾಯಕ್ಕೆ ಔಷಧಿಯಾಗಿ ಥೋರೋ ಊರನ್ನು ಬಿಟ್ಟು ಹೋಗಲಿಲ್ಲ. ಅವನು ನಡೆದನು. ದಿನಕ್ಕೆ ನಾಲ್ಕು ಗಂಟೆಯಾದರೂ ಕಾಡುಮೇಡುಗಳಲ್ಲಿ ಅಲೆಯದಿದ್ದರೆ ತನ್ನ ಆರೋಗ್ಯ ನಿಲ್ಲದೆಂದು ಅವನೇ ಹೇಳಿಕೊಂಡಿದ್ದಾನೆ. ಹೊಟ್ಟೆಪಾಡಿಗೆ ಭೂಮಾಪನದ ಕೆಲಸ. ಎಷ್ಟೋ ಬಾರಿ ಅವನು ಅಳೆದುಕೊಟ್ಟ ಕಾಡೇ ಮರುವರ್ಷ ಕೊಡಲಿಗೆ ತುತ್ತಾಗುತ್ತಿತ್ತು. ವಾಲ್ಡನ್ ಕೊಳದ ಬದಿಯಲ್ಲಿ ರೈಲುಮಾರ್ಗ ಬಂದಿತು. ದಡದ ಮರಗಳು ಕಣ್ಣೆದುರಿನಲ್ಲಿಯೇ ಬಯಲಾದವು. ಆದರೂ ಅವನು ಅದೇ ದಾರಿಗಳಲ್ಲಿ ನಡೆದನು. ಯಾವ ಹೂವು ಯಾವ ದಿನ ಅರಳಿತು, ಯಾವ ಹಕ್ಕಿ ಎಂದು ಮರಳಿತು, ಕೊಳದ ಮಂಜುಗಡ್ಡೆ ಎಂದು ಕರಗಿತು, ಎಲ್ಲವನ್ನೂ ಗುರುತುಹಾಕಿಕೊಂಡನು. ಬಂಡೆಯ ಮೇಲೆ ಕುಳಿತು ಉರಿಯ ಸೊಬಗನ್ನು ನೋಡಿದ ಕಣ್ಣು, ಕ್ರಮಕ್ರಮವಾಗಿ ಮೊಳಕೆಯನ್ನು ನೋಡಲು ಕಲಿಯಿತು.

1860ರ ಸೆಪ್ಟೆಂಬರಿನಲ್ಲಿ ಕಾಂಕರ್ಡಿನ ಕೃಷಿ ಪ್ರದರ್ಶನದಲ್ಲಿ ಆ ಸೀಮೆಯ ರೈತರ ಮುಂದೆ ಥೋರೋ ಒಂದು ಉಪನ್ಯಾಸ ಮಾಡಿದನು. ಪೈನ್ ಮರಗಳ ತೋಪನ್ನು ಕಡಿದರೆ ಅಲ್ಲಿ ಓಕ್ ಮರಗಳು ಏಳುವುದೇಕೆ ಎಂಬುದು ರೈತರನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ಬೀಜವಿಲ್ಲದೆ ಮರವೇಳದು ಎಂದು ಥೋರೋ ತೋರಿಸಿಕೊಟ್ಟನು. ಅಳಿಲುಗಳೂ ಹಕ್ಕಿಗಳೂ ಓಕ್ ಕಾಯಿಗಳನ್ನು ಪೈನ್ ತೋಪಿನೊಳಕ್ಕೆ ಒಯ್ಯುತ್ತವೆ. ಅಳಿಲು ಹೂತಿಟ್ಟು ಮರೆತ ಕಾಯಿ ಮೊಳೆಯುತ್ತದೆ. ನೆರಳಿನಲ್ಲಿ ಗೇಣುದ್ದ ನಿಂತ ಸಸಿ, ಮೇಲಿನ ಮರ ಬಿದ್ದು ಬಿಸಿಲು ಬಂದೊಡನೆ ಮೇಲೇಳುತ್ತದೆ. ಕಾಡು ಹಾಳಾಗುವ ಬಗೆಯನ್ನು ಕಣ್ಣಾರೆ ಕಂಡಿದ್ದವನು ಹದಿನಾರು ವರ್ಷಗಳ ಮೇಲೆ ಕಾಡು ಹುಟ್ಟುವ ಬಗೆಯನ್ನು ಅದೇ ಊರಿನಲ್ಲಿ ನಿಂತು ವಿವರಿಸಿದನು. ಕ್ಷಮೆಯ ಮಾತನ್ನು ಅವನು ಆಡಲಿಲ್ಲ. ಆ ಉಪನ್ಯಾಸವೇ ಅದರ ಕೆಲಸವನ್ನು ಮಾಡಿತೆನ್ನಬಹುದು.

ಹಾಗಾದರೆ ಕಿಚ್ಚಿಟ್ಟವನು ಯಾರು, ಉಪನ್ಯಾಸ ಮಾಡಿದವನು ಯಾರು? ಇಬ್ಬರೂ ಒಬ್ಬನೇ ಎಂದರೆ ಬದಲಾವಣೆಗೆ ಅರ್ಥವಿಲ್ಲ; ಬೇರೆಬೇರೆ ಎಂದರೆ ಹೊಣೆಗಾರಿಕೆಗೆ ಎಡೆಯಿಲ್ಲ. ಇದಕ್ಕೆ ಉತ್ತರವು ಥೋರೋ ತನ್ನ ಕಡೆಗಾಲದಲ್ಲಿ ಬಗ್ಗಿ ನೋಡುತ್ತಿದ್ದ ಮರದ ಬುಡಗಳಲ್ಲಿಯೇ ಇದೆ. ಮರವು ವರ್ಷಕ್ಕೊಂದು ಉಂಗುರದಂತೆ ಬೆಳೆಯುತ್ತದೆ. ಬೆಂಕಿ ತಗುಲಿಯೂ ಉಳಿದ ಮರವು ಆ ಗಾಯವನ್ನು ಅಳಿಸುವುದಿಲ್ಲ. ಅದರ ಮೇಲೆ ಹೊಸ ಉಂಗುರಗಳನ್ನು ಬೆಳೆಸಿ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಕರಕಲು ಒಳಗೇ ಇದೆ. ಎಲೆ ಹೊರಗೆ ಚಿಗುರುತ್ತಿದೆ. ಮರ ಒಂದೇ.

1860ರ ಡಿಸೆಂಬರಿನಲ್ಲಿ ಹೀಗೆ ಮರದ ಉಂಗುರಗಳನ್ನು ಎಣಿಸುತ್ತಿರುವಾಗ ಥೋರೋವಿಗೆ ಶೀತ ತಗುಲಿತು. ಹಳೆಯ ಕ್ಷಯ ಕೆರಳಿತು. 1862ರ ಮೇ 6ರಂದು, ನಾಲ್ವತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಅವನ ಟಿಪ್ಪಣಿಗಳು ಉಳಿದವು. ಒಂದೂವರೆ ಶತಮಾನದ ತರುವಾಯ ವಿಜ್ಞಾನಿಗಳು ಅವನ್ನು ಹಿಡಿದು ಅದೇ ಕಾಡಿನಲ್ಲಿ ಹುಡುಕಿದರು. ಅಲ್ಲಿನ ಹೂಗಳು ಈಗ ಸರಾಸರಿ ಒಂದು ವಾರದಷ್ಟು ಮುಂಚಿತವಾಗಿ ಅರಳುತ್ತವೆಂದೂ, ಥೋರೋ ಕಂಡಿದ್ದ ಗಿಡಜಾತಿಗಳಲ್ಲಿ ಕಾಲುಭಾಗದಷ್ಟು ಅಲ್ಲಿ ಕಾಣಸಿಗವೆಂದೂ 2008ರಲ್ಲಿ ಪ್ರಕಟಿಸಿದರು. ಭೂಮಿ ಬಿಸಿಯೇರುತ್ತಿರುವುದಕ್ಕೆ ಆ ಒಂಟಿ ನಡಿಗೆಗಾರನ ದಿನಚರಿಯೂ ಒಂದು ಸಾಕ್ಷಿಯಾಯಿತು.

ಕೆರೆಯ ಏರಿಯ ಮೇಲೆ ನಡೆದುಬರುವ ಹಿರಿಯರನ್ನು 'ಹೊಸತೇನಿದೆ?' ಎಂದು ಕೇಳುವವರು, ಒಂದು ಸಂಜೆ ಅವರ ಜೊತೆಗೆ ಹೆಜ್ಜೆಹಾಕುವುದು ಒಳ್ಳೆಯದು. ಹುಣಿಸೆಮರ ಈ ವರ್ಷ ಎಂದು ಹೂಬಿಟ್ಟಿತೆಂಬುದನ್ನು ಅವರು ಬಲ್ಲರು. ತಮ್ಮ ಬಾಳಿನಲ್ಲಿ ಯಾವ ವರ್ಷ ಬೆಂಕಿ ತಗುಲಿತ್ತೆಂಬುದನ್ನೂ ಬಲ್ಲರು. ಅದನ್ನು ಮಾತ್ರ ಕೇಳದೆ ಹೇಳಲಾರರು.