ಕಪನೂರಿನ ಕೂಲಿಗಾರರೂ ಮೂತ್ರಪಿಂಡರೋಗವೂ

ಮೂತ್ರಪಿಂಡಗಳು ಸೋತ ಬಡವರಿಗೆ ಜಿಲ್ಲಾಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಒದಗಿಸುವ ಯೋಜನೆಯನ್ನು ಕೇಂದ್ರ ಸರ್ಕಾರವು ೨೦೧೬ರಲ್ಲಿ ಆರಂಭಿಸಿದುದು ಸ್ತುತ್ಯರ್ಹವೇ ಸರಿ. ಆದರೆ ಅದು ರೋಗದ ಐದನೆಯ, ಅಂದರೆ ಕಡೆಯ, ಹಂತದ ಉಪಚಾರ. ರಕ್ತವನ್ನು ಸೋಸುವ ಶಕ್ತಿಯ ಅಳತೆಯು ೯೦ರಿಂದ ಇಳಿಯುತ್ತ ೬೦, ೩೦ಗಳನ್ನು ದಾಟಿ ೧೫ರ ಕೆಳಗೆ ಬೀಳಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಮೊದಲ ಹಂತಗಳಲ್ಲಿ ರೋಗಿಗೆ ಬಹುಮಟ್ಟಿಗೆ ಏನೂ ತಿಳಿಯದು. ಮಧುಮೇಹವೂ ರಕ್ತದ ಒತ್ತಡವೂ ಮುಖ್ಯ ಕಾರಣಗಳು. ನೋವಿನ ಗುಳಿಗೆಗಳ ಅತಿಬಳಕೆಯೂ, ಸಾಕಷ್ಟು ನೀರಿಲ್ಲದೆ ಉರಿಬಿಸಿಲಲ್ಲಿ ದುಡಿಯುವುದೂ ಹಾನಿಕರವೇ. ಕಲಬುರಗಿಯ ಬೇಸಗೆಯನ್ನು ಬಲ್ಲವರು ಕಪನೂರ ಕೈಗಾರಿಕಾ ಪ್ರದೇಶದ ಕೂಲಿಗಾರರನ್ನು ಇಲ್ಲಿ ನೆನೆಯದಿರಲಾರರು. ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆಗಳು ಅಲ್ಪವೆಚ್ಚದವು. ಇವನ್ನು ವರ್ಷಕ್ಕೊಮ್ಮೆ ಅಲ್ಲಿಯೇ ನಡೆಯಿಸಬೇಕೆಂದು ಅಧಿಕಾರಿವರ್ಗವನ್ನೂ ಕಾರ್ಖಾನೆಗಳ ಒಡೆಯರನ್ನೂ ನಾವು ಒತ್ತಾಯಿಸುತ್ತೇವೆ.