ಕಡಲ ಹೊಳೆಗೆ ದಂಡೆ ಎಲ್ಲಿದೆ?

ಮಕ್ಕಳೇ, ನಮ್ಮ ಕೋಲಾರ ಜಿಲ್ಲೆಗೆ ಸಮುದ್ರವಿಲ್ಲ, ಕೆರೆಗಳಿವೆ. ಆದರೆ ಕೆರೆ ಕೋಡಿ ಬಿದ್ದರೆ ಆ ನೀರು ಕೊನೆಗೆ ಹುಡುಕಿಕೊಂಡು ಹೋಗುವುದು ಸಮುದ್ರವನ್ನೇ. ಕೋಲಾರ, ಮುಳಬಾಗಿಲು ಕಡೆಯ ನೀರು ಹೆಚ್ಚಾಗಿ ಪಾಲಾರ್ ನದಿಗೆ ಸೇರುತ್ತದೆ. ಮಾಲೂರಿನ ಕಡೆಯದು ದಕ್ಷಿಣ ಪಿನಾಕಿನಿಗೆ, ಶ್ರೀನಿವಾಸಪುರದ ಕಡೆಯದು ಬಹುಪಾಲು ಪಾಪಾಗ್ನಿಗೆ. ಈ ಮೂರೂ ದಾರಿಗಳು ಮುಗಿಯುವುದು ಬಂಗಾಳ ಕೊಲ್ಲಿಯಲ್ಲಿ. 2021ರ ನವೆಂಬರ್ ಮಳೆಗೆ ನಮ್ಮ ಕೆರೆಗಳು ಕೋಡಿ ಹರಿದದ್ದು ನಿಮ್ಮ ಮನೆಯ ಹಿರಿಯರಿಗೆಲ್ಲ ನೆನಪಿರುತ್ತದೆ.

ಸಮುದ್ರ ಸೇರಿದ ಮೇಲೆ ಆ ನೀರಿನ ಕಥೆ ಮುಗಿಯಿತೇ? ಇಲ್ಲ. ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಪೂರ್ವ ಕರಾವಳಿಯ ಉದ್ದಕ್ಕೂ ಸಾಗರ ಪ್ರವಾಹವೊಂದು ದಕ್ಷಿಣಕ್ಕೆ ಹರಿಯುತ್ತದೆ. ಕೊಲ್ಲಿಯ ಉಪ್ಪು ಕಡಿಮೆಯಾದ ನೀರನ್ನು ಹೊತ್ತು ಅದು ಶ್ರೀಲಂಕಾವನ್ನು ಬಳಸುತ್ತದೆ. ಅದರ ಒಂದು ಪಾಲು ಅರಬ್ಬೀ ಸಮುದ್ರಕ್ಕೆ ಬಂದು, ಕೇರಳದ ಪಕ್ಕದಲ್ಲಿ ಉತ್ತರಕ್ಕೆ ತಿರುಗಿ, ಕಾಸರಗೋಡು, ಮಂಗಳೂರು, ಕಾರವಾರದ ಕಡೆಗೆ ಸಾಗುತ್ತದೆ. ಮುಂಗಾರಿನಲ್ಲಿ ಇದೇ ಪಶ್ಚಿಮ ಕರಾವಳಿಯ ಪ್ರವಾಹ ತಿರುಗುಮುರುಗಾಗಿ ದಕ್ಷಿಣಕ್ಕೆ ಹರಿಯುತ್ತದೆ. ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುವ ಹೊಳೆ ಇದು!

ಈಗ ಒಂದು ಪ್ರಶ್ನೆ. ಹೊಳೆಗೆ ಎರಡು ದಂಡೆ ಬೇಕು. ಈ ಕಡಲ ಹೊಳೆಗೆ ಒಂದು ಕಡೆ ಕರಾವಳಿ ಇದೆ, ಸರಿ. ಇನ್ನೊಂದು ಕಡೆ ಅರಬ್ ದೇಶದವರೆಗೂ ಬರೀ ನೀರು. ಹಾಗಿದ್ದರೂ ಅದು ಚೆಲ್ಲಾಪಿಲ್ಲಿಯಾಗದೆ ನೂರಾರು ಕಿಲೋಮೀಟರ್ ಕರಾವಳಿಯ ಪಕ್ಕದಲ್ಲೇ ಹೇಗೆ ಸಾಗುತ್ತದೆ? ಅದಕ್ಕೆ ದೊಡ್ಡ ಕಾರಣವೊಂದು ನೀರಿನ ಅಡಿಯಲ್ಲಿದೆ. ಅದು ಸಮುದ್ರದ ತಳದ ಇಳಿಜಾರು.

ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ನೋಡಿದ್ದೀರಲ್ಲ? ಅಂಚಿನಿಂದ ಏರಿಯ ಕಡೆಗೆ ಮೆಲ್ಲಗೆ ಇಳಿಯುತ್ತದೆ. ಸಮುದ್ರವೂ ಮೊದಲು ಹಾಗೆಯೇ. ಕರಾವಳಿಯಿಂದ ಆಚೆ ಇರುವ ಖಂಡಾವರಣ ಪ್ರದೇಶದಲ್ಲಿ ಅರ್ಧ ಕಿಲೋಮೀಟರ್ ಹೋದರೆ ತಳ ಸರಾಸರಿ 1 ಮೀಟರ್ ಇಳಿಯುತ್ತದೆ, ಅಷ್ಟೇ. ಇದರ ಅಗಲ ಗುಜರಾತ್, ಮುಂಬೈ ಕಡೆ ಸುಮಾರು 300 ಕಿ.ಮೀ.; ದಕ್ಷಿಣಕ್ಕೆ ಬಂದಂತೆ ಕಿರಿದಾಗಿ ಕೇರಳದ ಕಡೆ ಸುಮಾರು 60 ಕಿ.ಮೀ. ಅದು ಮುಗಿದಲ್ಲಿಂದ ಖಂಡಾವರಣ ಇಳಿಜಾರು ಶುರು. ಅಲ್ಲಿ ಅದೇ ಅರ್ಧ ಕಿಲೋಮೀಟರಿಗೆ ತಳ ಸುಮಾರು 35 ಮೀಟರ್ ಕೆಳಕ್ಕೆ ಹೋಗುತ್ತದೆ.

ಇಳಿಜಾರು ನೀರನ್ನು ಹಿಡಿದಿಡುವುದು ಹೇಗೆ? ಮನೆಯಲ್ಲಿ ತಿರುಗುವ ಕುರ್ಚಿ ಇದ್ದರೆ ಕುಳಿತು ನೋಡಿ. ಕೈ ಚಾಚಿಕೊಂಡು ನಿಧಾನಕ್ಕೆ ತಿರುಗುತ್ತಾ ಕೈಗಳನ್ನು ಎದೆಗೆ ತಂದುಕೊಳ್ಳಿ. ತಿರುಗುವ ವೇಗ ಹೆಚ್ಚುತ್ತದೆ. (ತಾತನೋ ಅಜ್ಜಿಯೋ ಪಕ್ಕದಲ್ಲಿ ಇರಲಿ!) ಭೂಮಿಯೂ ತಿರುಗುತ್ತಿದೆ, ಅದರ ಜೊತೆ ಸಮುದ್ರದ ನೀರೂ ತಿರುಗುತ್ತಿದೆ. ನೀರನ್ನು ಎತ್ತರದ ಕಂಬಗಳೆಂದು ಊಹಿಸಿಕೊಳ್ಳಿ. ಆಳಕ್ಕೆ ಸರಿದ ಕಂಬ ಉದ್ದವಾಗಿ ಸಣ್ಣಗಾಗುತ್ತದೆ, ಹೆಚ್ಚು ತಿರುಗುತ್ತದೆ. ಕಡಿಮೆ ಆಳಕ್ಕೆ ಬಂದದ್ದು ಕುಳ್ಳಾಗಿ ಅಗಲವಾಗುತ್ತದೆ, ತಿರುಗುವುದು ತಗ್ಗುತ್ತದೆ. ಆಳಕ್ಕೂ ತಿರುಗಾಟಕ್ಕೂ ಇರುವ ಈ ಲೆಕ್ಕ ಬ್ಯಾಂಕಿನ ಜಮಾ ಖರ್ಚಿನಂತೆ ತಾಳೆಯಾಗಲೇಬೇಕು. ನೀರು ದಾರಿ ಬಿಟ್ಟು ಸರಿದಾಗ ಹುಟ್ಟುವ ತಿರುಗಾಟ ಅಕ್ಕಪಕ್ಕದ ನೀರನ್ನು ತಳ್ಳಿ, ಸರಿದ ನೀರನ್ನು ಮತ್ತೆ ಮೊದಲಿನ ಆಳದ ಕಡೆಗೇ ಎಳೆಯುತ್ತದೆ. ಹೀಗಾಗಿ ಪ್ರವಾಹ ಒಂದೇ ಆಳದ ಗೆರೆ ಹಿಡಿದು ಸಾಗಲು ಬಯಸುತ್ತದೆ.

ಇಂಗ್ಲೆಂಡಿನ ವಿಜ್ಞಾನಿ ಜಿ. ಐ. ಟೇಲರ್ 1923ರಲ್ಲಿ ತಿರುಗುವ ನೀರಿನ ತೊಟ್ಟಿಯ ತಳದಲ್ಲಿ ಒಂದು ಗಿಡ್ಡ ಸಿಲಿಂಡರನ್ನು ಎಳೆದರು. ಅದರ ಮೇಲಿದ್ದ ನೀರೂ ಅದರ ಜೊತೆಗೇ ಸಾಗಿತು. ಪಕ್ಕದ ನೀರು ಅಲ್ಲೊಂದು ಕಂಬವೇ ನಿಂತಿದೆಯೋ ಎಂಬಂತೆ ಬಳಸಿಕೊಂಡು ಹೋಯಿತು. ತಳದಲ್ಲಿ ಏನಿದೆ ಎಂಬುದು ಮೇಲಿನ ನೀರಿಗೂ ತಿಳಿಯುತ್ತದೆ ಎಂದಾಯಿತು.

ಪ್ರವಾಹ ಕದಡಲು ಇನ್ನೊಂದು ಕಾರಣವಿದೆ. ಸಮುದ್ರದಲ್ಲಿ ಹಗುರ ನೀರು ಮೇಲೆ, ಭಾರದ ನೀರು ಕೆಳಗೆ ಪದರಗಳಾಗಿ ಇರುತ್ತವೆ. ಪದರಗಳು ಓರೆಯಾದರೆ ಸಮತಟ್ಟಾಗಲು ಹವಣಿಸುತ್ತವೆ. ಆಗ ಪ್ರವಾಹ ಬಳುಕಿ ಸುಳಿಗಳಾಗಿ ಒಡೆಯಬಹುದು. ಚಳಿಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಹತ್ತಿರ ಹಗುರ ನೀರು ದಪ್ಪವಾಗಿ ತುಂಬಿ, ಪದರಗಳು ಕರಾವಳಿಯ ಕಡೆಗೆ ಇಳಿದಿರುತ್ತವೆ. ತಳ ಇಳಿಯುವುದು ಅದರ ಎದುರು ದಿಕ್ಕಿಗೆ. ಹೀಗೆ ಎದುರುಬದುರಾದಾಗ ಸುಳಿಗಳು ಬೆಳೆಯುವುದು ಕಷ್ಟ.

ಹಾಗೆಂದು ಇಳಿಜಾರು ಕಾಂಕ್ರೀಟ್ ಗೋಡೆಯಲ್ಲ. ತಳ ಥಟ್ಟನೆ ತಿರುವು ಪಡೆದ ಕಡೆ ಪ್ರವಾಹ ಕವಲೊಡೆಯಬಹುದು. ತೀರದಿಂದ ಹೊರಟ ನಿಧಾನದ ಅಲೆಗಳು ಆಳ ಸಮುದ್ರಕ್ಕೂ ಹೋಗುತ್ತವೆ. ಅವುಗಳಿಂದಲೇ ಚಳಿಗಾಲದಲ್ಲಿ ಲಕ್ಷದ್ವೀಪದ ಬಳಿ ನೂರಾರು ಕಿಲೋಮೀಟರ್ ಅಗಲದ ಸುಳಿಯೊಂದು ಏರ್ಪಟ್ಟು ಪ್ರದಕ್ಷಿಣೆಯಾಗಿ ತಿರುಗುತ್ತದೆ. 1966ರಲ್ಲಿ ಸ್ಥಾಪನೆಯಾದ, ಈಗ ಗೋವಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಈ ಇಳಿಜಾರಿನ ಮೇಲೆ ಉಪಕರಣಗಳನ್ನು ಇಳಿಬಿಟ್ಟು, ಶಬ್ದದ ಅಲೆಗಳಿಂದ ಪ್ರವಾಹದ ವೇಗ ಅಳೆಯುತ್ತಾರೆ.

ಇಷ್ಟೆಲ್ಲ ತಿಳಿದು ಏನು ಉಪಯೋಗ ಎನ್ನುತ್ತೀರಾ? 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿ ಕಡೆಯ ಕಡಲಲ್ಲಿ ಮುಳುಗಿತು. ಅದರಲ್ಲಿ 640 ಕಂಟೇನರುಗಳಿದ್ದವು. ಒಳಗಿದ್ದ ಪ್ಲಾಸ್ಟಿಕ್ ಹರಳುಗಳು ದಕ್ಷಿಣದ ತಿರುವನಂತಪುರ, ಕನ್ಯಾಕುಮಾರಿ ಕಡೆಯ ಮರಳಿಗೆ ಬಂದು ಬಿದ್ದವು. ಮುಂಗಾರಿನ ಗಾಳಿಯೂ ಪ್ರವಾಹವೂ ಅವನ್ನು ಒಯ್ದಿದ್ದವು. ಡಿಸೆಂಬರಿನಲ್ಲಾದರೆ ಪ್ರವಾಹದ ಮುಖ ಕಾಸರಗೋಡು, ಮಂಗಳೂರಿನ ಕಡೆಗಿರುತ್ತದೆ. ಕಸ ಎಲ್ಲಿಗೆ ತೇಲುತ್ತದೆ, ಕಡಲಿಗೆ ಬಿದ್ದ ಮೀನುಗಾರನನ್ನು ಎಲ್ಲಿ ಹುಡುಕಬೇಕು ಎಂದು ಹೇಳಬೇಕಾದರೆ ಪ್ರವಾಹದ ದಾರಿ ಗೊತ್ತಿರಬೇಕು. ಅದು ಎಲ್ಲಿ ದಾರಿ ಹಿಡಿದು ಸಾಗುತ್ತದೆ, ಎಲ್ಲಿ ಸುಳಿಯಾಗಿ ಒಡೆಯುತ್ತದೆ ಎಂದು ತಿಳಿಯಲು ತಳದ ನಕ್ಷೆ ಬೇಕೇ ಬೇಕು.

ಇನ್ನು ನಮ್ಮ ಪಾಲಿನ ಮಾತು. ನಾವು ರಾಜಕಾಲುವೆಗೆ ಎಸೆದ ಪ್ಲಾಸ್ಟಿಕ್ ಕವರಿಗೂ ಕೋಡಿ ನೀರಿನದೇ ದಾರಿ. ಅದು ಕೆರೆಯಲ್ಲೇ ನಿಲ್ಲುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಈ ವಾರದ ಕೆಲಸ: ಅಟ್ಲಾಸ್ ತೆರೆದು, ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮೂರಿನ ಕೆರೆಯ ನೀರು ಯಾವ ಹೊಳೆಗೆ ಹೋಗುತ್ತದೆ ಎಂದು ಅವರನ್ನೇ ಕೇಳಿ. ಅಲ್ಲಿಂದ ಬಂಗಾಳ ಕೊಲ್ಲಿ, ಶ್ರೀಲಂಕಾ, ಕಾರವಾರದವರೆಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ನಕ್ಷೆಯಲ್ಲಿ ಸಮುದ್ರದ ತಿಳಿನೀಲಿ ಮುಗಿದು ಕಡುನೀಲಿ ಶುರುವಾಗುವ ಅಂಚನ್ನೂ ಗಮನಿಸಿ. ಕಡಲ ಹೊಳೆಯ ಇನ್ನೊಂದು ದಂಡೆ ಅಲ್ಲೇ ಇದೆ.