ಪ್ರಯೋಗಾಲಯದಲ್ಲಿ ದುಡಿಯುವವರೂ ಕಾರ್ಮಿಕರೇ

ಪ್ರಯೋಗಾಲಯ ಎಂದೊಡನೆ ನಮ್ಮ ಜನರ ಕಣ್ಣಮುಂದೆ ಬರುವುದು ಬಿಳಿಯ ಕೋಟು, ಗಾಜಿನ ನಳಿಗೆಗಳು, ಮೆಲುದನಿಯಲ್ಲಿ ಮಾತನಾಡುವ ವಿದ್ವಾಂಸರು. ಅಲ್ಲಿ ಯಜಮಾನನಿಲ್ಲ, ಆಳಿಲ್ಲ. ಅದು ಸರಸ್ವತಿಯ ಮಂದಿರ. ಸಂಘಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರು ನಮ್ಮ ನಡುವೆಯೇ ಇದ್ದಾರೆ. ಸಂಬಂಧವಿದೆ ಎಂದು ಹೇಳುವುದಕ್ಕಾಗಿಯೇ ಈ ಲೇಖನ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಮಕ್ಕಳು, ಮೊಮ್ಮಕ್ಕಳು ಇಂದು ಬಿ.ಎಸ್‌ಸಿ., ಎಂ.ಎಸ್‌ಸಿ. ಮಾಡಿ ಔಷಧ ಕಂಪೆನಿಗಳ, ಬಣ್ಣದ ಕಾರಖಾನೆಗಳ, ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಸಹಾಯಕರಾಗಿ ಸೇರುತ್ತಿದ್ದಾರೆ. ಮಗಳು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳೆಂದು ತಂದೆ ಎದೆಯುಬ್ಬಿಸಿ ಹೇಳುತ್ತಾನೆ. ಹೇಳಲಿ, ಸಂತೋಷದ ವಿಷಯವೇ. ಆದರೆ ಅವಳ ಕೈಗೆ ಯಾವ ಸೀಸೆ ಕೊಟ್ಟಿದ್ದಾರೆ, ಅದನ್ನು ಹಿಡಿಯಲು ಕಲಿಸಿದವರು ಯಾರು ಎಂಬುದನ್ನು ಆ ತಂದೆ ಒಮ್ಮೆಯಾದರೂ ವಿಚಾರಿಸಬೇಕು.

ಟರ್ಷರಿ ಬ್ಯೂಟೈಲ್ ಲಿಥಿಯಂ ಎಂಬ ಒಂದು ರಾಸಾಯನಿಕವಿದೆ. ನೋಡಲು ನೀರಿನಂತೆ, ಹೆಚ್ಚೆಂದರೆ ತುಸು ಹಳದಿ. ಹೊಸ ಔಷಧಗಳೇ ಮೊದಲಾದ ವಸ್ತುಗಳನ್ನು ಕಟ್ಟುವ ಸಂಶೋಧನೆಯಲ್ಲಿ ಇದರ ಉಪಯೋಗ ಬಹಳ. ಇದಕ್ಕೆ ಬೆಂಕಿಕಡ್ಡಿ ಬೇಕಿಲ್ಲ; ಗಾಳಿ ತಾಕಿದರೆ ಸಾಕು, ತಾನೇ ಹೊತ್ತಿಕೊಳ್ಳುತ್ತದೆ. ನೀರು ತಗುಲಿದರೆ ಇನ್ನೂ ಉಗ್ರವಾಗುತ್ತದೆ. ಮಾರಾಟಕ್ಕೆ ಬರುವಾಗ ಇದನ್ನು ಪೆಂಟೇನ್ ಎಂಬ ದ್ರವದಲ್ಲಿ ಕರಗಿಸಿರುತ್ತಾರೆ. ಪೆಂಟೇನ್ ಪೆಟ್ರೋಲಿನ ಕುಲದ್ದು. ಸುಮಾರು 36 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ, ಎಂದರೆ ನಮ್ಮ ಮೈಯ ಬಿಸಿಯೇ ಅದಕ್ಕೆ ಒಲೆ. ತಾನಾಗಿ ಹೊತ್ತುವ ವಸ್ತುವನ್ನು ಪೆಟ್ರೋಲಿನಂಥದರಲ್ಲಿ ನೆನೆಸಿ ಸೀಸೆಯಲ್ಲಿ ಇಟ್ಟಂತೆ ಇದು.

ಹಾಗೆಂದು ಇದನ್ನು ಮುಟ್ಟಲೇಬಾರದೆಂದಲ್ಲ. ಜಗತ್ತಿನ ಸಾವಿರಾರು ಪ್ರಯೋಗಾಲಯಗಳಲ್ಲಿ ಇದನ್ನು ದಿನವೂ ಬಳಸುತ್ತಾರೆ, ಸಂಜೆ ಮನೆಗೆ ಹೋಗುತ್ತಾರೆ. ಅದಕ್ಕೊಂದು ಕ್ರಮವಿದೆ. ಸೀಸೆಯ ಬಾಯಿಗೆ ರಬ್ಬರಿನ ಮುಚ್ಚಳ, ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ಅನಿಲ, ಗಾಳಿಗೆ ಪ್ರವೇಶವಿಲ್ಲ. ಸೀಸೆ ಉರುಳದಂತೆ ಸ್ಟ್ಯಾಂಡಿಗೆ ಬಿಗಿದಿರಬೇಕು. ಪಾತ್ರೆಗಳು ಒಣಗಿರಬೇಕು. ಸ್ವಲ್ಪವೇ ಬೇಕಿದ್ದರೆ ಉದ್ದ ಸೂಜಿಯ ಗಾಜಿನ ಸಿರಿಂಜು, ಅದನ್ನೂ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಹೆಚ್ಚು ಬೇಕಿದ್ದರೆ ಸಿರಿಂಜನ್ನೇ ಬಿಟ್ಟು ಎರಡೂ ತುದಿ ಚೂಪಾದ ಕೊಳವೆಯ ಮೂಲಕ ಅನಿಲದ ಒತ್ತಡದಿಂದ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹರಿಸಬೇಕು. ಹತ್ತಿರದಲ್ಲಿ ಬೇರೆ ಯಾವ ಉರಿಯುವ ದ್ರವವೂ ಇರಕೂಡದು. ಮೈಮೇಲೆ ಬೆಂಕಿ ಹಿಡಿಯದ ಬಟ್ಟೆಯ ಕೋಟು, ಮುಖಕ್ಕೆ ಅಡ್ಡ ಪರದೆ. ಒಬ್ಬರೇ ಮಾಡಕೂಡದು. ಮೇಜಿನ ಮೇಲೆ ಹೊತ್ತಿದರೆ ಒಣ ಮರಳು ಅಥವಾ ಅದಕ್ಕೆಂದೇ ಇರುವ ಪುಡಿ. ಆದರೆ ಮನುಷ್ಯನ ಬಟ್ಟೆಗೆ ಹತ್ತಿದರೆ ಯೋಚನೆಯೇ ಬೇಡ, ನೇರವಾಗಿ ನೀರಿನ ತುಂತುರಿನ ಕೆಳಗೆ. ಇಷ್ಟು ಕಲಿಸಲು ಒಂದೆರಡು ದಿನ ಸಾಕು. ಕೋಟಿಗೆ ತಗಲುವ ಹಣ ಯಾವ ವಿಶ್ವವಿದ್ಯಾಲಯವನ್ನೂ ದಿವಾಳಿ ಮಾಡದು.

ಈಗ ನಡೆದದ್ದನ್ನು ಕೇಳಿ. ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, 2008ರ ಡಿಸೆಂಬರ್ 29ರಂದು, ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವಿನ ರಜೆಯ ದಿನಗಳಲ್ಲಿ, ಶೆಹರ್ಬಾನೊ ಸಂಗ್ಜಿ ಎಂಬ 23 ವರ್ಷದ ಸಂಶೋಧನಾ ಸಹಾಯಕಿ ಕೆಲಸದಲ್ಲಿದ್ದಳು. ಪಾಕಿಸ್ತಾನದಿಂದ ಬಂದ ಕುಟುಂಬದ ಹುಡುಗಿ. ಅದೇ ವರ್ಷ ಪದವಿ ಮುಗಿಸಿ ಅಕ್ಟೋಬರಿನಲ್ಲಿ ಸಂಬಳಕ್ಕೆ ಸೇರಿದ್ದಳು. ಮುಂದೆ ವಕೀಲಿ ಓದಬೇಕೆಂಬ ಆಸೆ. ಅವಳು ಈ ದ್ರವ್ಯವನ್ನು 60 ಮಿಲಿಲೀಟರಿನ ಪ್ಲಾಸ್ಟಿಕ್ ಸಿರಿಂಜಿನಲ್ಲಿ ಎಳೆಯುತ್ತಿದ್ದಳು. ಎಳೆಯಬೇಕಾಗಿದ್ದ ಪ್ರಮಾಣ 50 ಮಿಲಿಲೀಟರಿಗೂ ಮೀರಿದ್ದು, ಸೂಜಿ ಚಿಕ್ಕದು. ಸಿರಿಂಜಿನ ದಂಡ ಹೊರಗೆ ಕಳಚಿ ಬಂತು. ದ್ರವ ಗಾಳಿಗೆ ಬಿತ್ತು, ಹೊತ್ತಿತು. ಪಕ್ಕದಲ್ಲಿದ್ದ ಹೆಕ್ಸೇನಿನ ಪಾತ್ರೆಯೂ ಉರುಳಿ ಬೆಂಕಿಗೆ ಸೇರಿತು. ಅವಳ ಮೈಮೇಲೆ ಪ್ರಯೋಗಾಲಯದ ಕೋಟು ಇರಲಿಲ್ಲ. ಇದ್ದುದು ಕೃತಕ ನೂಲಿನ ಸ್ವೆಟರು. ತೆಳು ರಬ್ಬರಿನ ಕೈಗವಸು ಬೆಂಕಿಗೆ ಯಾವ ಮೂಲೆಗೆ? ತುಂತುರು ನೀರಿನ ಕೊಳಾಯಿ ಅದೇ ಪ್ರಯೋಗಾಲಯದಲ್ಲಿತ್ತು. ಅವಳನ್ನು ಅದರ ಕೆಳಗೆ ಕರೆದೊಯ್ಯುವುದು ಯಾರಿಗೂ ಹೊಳೆಯಲಿಲ್ಲ. ಜೊತೆಯವರು ತಿಳಿದಂತೆ ಕೋಟು ಹೊದಿಸಿ, ಸಿಂಕಿನ ನೀರು ಸುರಿದು ಆರಿಸಲು ನೋಡಿದರು. ಮೈ ನೂರಕ್ಕೆ ನಲವತ್ತಕ್ಕೂ ಹೆಚ್ಚು ಸುಟ್ಟಿತ್ತು. 18 ದಿನ ನರಳಿ, 2009ರ ಜನವರಿ 16ರಂದು ಅವಳು ತೀರಿಕೊಂಡಳು.

ಮುಂದೆ ಬಂದ ಮಾತು ನಮಗೆ ಹೊಸದಲ್ಲ. ಗಿರಣಿಯಲ್ಲಿ ಬೆಲ್ಟಿಗೆ ಕೈ ಸಿಕ್ಕಿದಾಗ, ಹೋಟೆಲಿನ ಬಾಣಲೆಯ ಎಣ್ಣೆ ಮೈಮೇಲೆ ಮಗುಚಿದಾಗ ಏನು ಹೇಳುತ್ತಾರೋ ಅದನ್ನೇ ಅಲ್ಲಿಯೂ ಹೇಳಿದರು: ಅವಳು ಅನುಭವಿ, ಅವಳಿಗೆ ಎಲ್ಲ ಗೊತ್ತಿತ್ತು, ಇದೊಂದು ಆಕಸ್ಮಿಕ. ಈ 'ಅನುಭವಿ' ಎಂಬ ಪದವನ್ನು ನಾನು ಬಹಳ ಕಡೆ ಕೇಳಿದ್ದೇನೆ. ಸಂಬಳ ಏರಿಸೆಂದು ಕೇಳುವಾಗ ನಾವು ಅನನುಭವಿಗಳು. ಕೈ ಸುಟ್ಟುಕೊಂಡ ದಿನ ಮಾತ್ರ ಮಹಾ ಅನುಭವಿಗಳು! ಕ್ಯಾಲಿಫೋರ್ನಿಯಾದ ಕಾರ್ಮಿಕ ಸುರಕ್ಷತಾ ಇಲಾಖೆ ಬಂದು ವಿಚಾರಣೆ ಮಾಡಿದಾಗ ಹೊರಬಿದ್ದದ್ದು ಬೇರೆಯೇ ಕಥೆ. ತರಬೇತಿ ಕೊಟ್ಟಿದ್ದಕ್ಕೆ ದಾಖಲೆಯಿಲ್ಲ. ಕೋಟು ಹಾಕಿಸುವವರಿಲ್ಲ. ಅಷ್ಟೇ ಅಲ್ಲ, ಅಕ್ಟೋಬರ್ 30ರಂದು ವಿಶ್ವವಿದ್ಯಾಲಯದ ಸ್ವಂತ ಸುರಕ್ಷತಾ ಅಧಿಕಾರಿಗಳೇ ಆ ಪ್ರಯೋಗಾಲಯವನ್ನು ತಪಾಸಣೆ ಮಾಡಿ, ಇಲ್ಲಿಯ ಜನ ಕೋಟು ತೊಡುತ್ತಿಲ್ಲ ಎಂಬುದೂ ಸೇರಿ ಹತ್ತಾರು ಕುಂದುಗಳನ್ನು ಬರೆದಿದ್ದರು. ಆ ಕಾಗದ ಎರಡು ತಿಂಗಳು ಕಾಗದವಾಗಿಯೇ ಉಳಿಯಿತು. ಹುಡುಗಿಯ ಮೈ ಹೊತ್ತಿದ್ದು ಅನಂತರ.

ದಂಡ ಬಿತ್ತು: 31,875 ಡಾಲರು. ಅವಳ ಅಕ್ಕತಂಗಿಯರಲ್ಲಿ ವೈದ್ಯಕೀಯ ಓದುತ್ತಿದ್ದವಳೊಬ್ಬಳು ಸುಮ್ಮನಾಗಲಿಲ್ಲ. ಅಲ್ಲಿಯ ವಿಶ್ವವಿದ್ಯಾಲಯ ನೌಕರರ ಯೂನಿಯನ್ನೂ ಸುಮ್ಮನಾಗಲಿಲ್ಲ. 2011ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮೇಲೂ ಪ್ರಯೋಗಾಲಯದ ಮುಖ್ಯಸ್ಥ ಪ್ರಾಧ್ಯಾಪಕ ಪ್ಯಾಟ್ರಿಕ್ ಹ್ಯಾರನ್ ಅವರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. 2012ರಲ್ಲಿ ಮಂಡಳಿಯು ಸುರಕ್ಷತೆಯ ಕ್ರಮಗಳನ್ನು ಜಾರಿಗೆ ತರಲು ಒಪ್ಪಿ, ಅವಳ ಹೆಸರಿನಲ್ಲಿ ಕಾನೂನು ವಿದ್ಯಾರ್ಥಿವೇತನಕ್ಕೆ 5 ಲಕ್ಷ ಡಾಲರು ಕೊಟ್ಟು ಹೊರಬಂತು. 2014ರಲ್ಲಿ ಪ್ರಾಧ್ಯಾಪಕರೊಡನೆ ಒಪ್ಪಂದವಾಯಿತು: ಸುಟ್ಟಗಾಯದ ಆಸ್ಪತ್ರೆಗೆ 10,000 ಡಾಲರು, 800 ಗಂಟೆ ಸಮಾಜಸೇವೆ. ಅಪರಾಧ ಸಾಬೀತಾಗಲಿಲ್ಲ, ಸೆರೆಮನೆಯೂ ಇಲ್ಲ. 2018ರಲ್ಲಿ ಮೊಕದ್ದಮೆ ಮುಗಿಯಿತು. ಒಬ್ಬ ಪ್ರಾಧ್ಯಾಪಕನನ್ನು ಜೈಲಿಗೆ ಕಳುಹಿಸಿದರೆ ಸತ್ತವಳು ಬರುತ್ತಾಳೆಯೇ ಎಂದು ಕೇಳಿದವರುಂಟು. ಬರುವುದಿಲ್ಲ. ಆದರೆ ಮೊಕದ್ದಮೆಯ ಭಯದಿಂದ ಎಷ್ಟೋ ಪ್ರಯೋಗಾಲಯಗಳಲ್ಲಿ ಕೋಟುಗಳು ಗೂಟದಿಂದ ಇಳಿದು ಮೈಮೇಲೆ ಬಂದವು ಎಂಬುದೂ ನಿಜ. ಅಷ್ಟು ಕೆಲಸವನ್ನು ಅಕ್ಟೋಬರಿನ ಆ ಕಾಗದ ಮಾಡಿರಲಿಲ್ಲ.

ಇದರಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯವಾದದ್ದು. ಕಾರ್ಮಿಕ ಇಲಾಖೆ ಒಳಗೆ ಬರಲು ಸಾಧ್ಯವಾದದ್ದು ಏಕೆ? ಸಂಗ್ಜಿ ಸಂಬಳ ಪಡೆಯುವ ನೌಕರಳಾಗಿದ್ದುದರಿಂದ. ಅದೇ ಮೇಜಿನ ಮುಂದೆ, ಅದೇ ಸಿರಿಂಜು ಹಿಡಿದು, ಸಂಬಳವಿಲ್ಲದ ವಿದ್ಯಾರ್ಥಿನಿಯೊಬ್ಬಳು ನಿಂತಿದ್ದರೆ ಆ ಕಾನೂನು ಬಾಗಿಲಲ್ಲೇ ನಿಲ್ಲುತ್ತಿತ್ತು. ಬೆಂಕಿಗೆ ಈ ಭೇದ ಗೊತ್ತಿಲ್ಲ. ನಮ್ಮ ಹೋಟೆಲುಗಳಲ್ಲಿ 'ಇವನು ಕೆಲಸದವನಲ್ಲ, ನಮ್ಮ ಊರಿನ ಹುಡುಗ, ಕಲಿಯಲಿ ಎಂದು ಇಟ್ಟುಕೊಂಡಿದ್ದೇವೆ' ಎನ್ನುವ ಯಜಮಾನರ ಮಾತನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಯೋಗಾಲಯಕ್ಕೆ ಸೇರುವ ಮಕ್ಕಳಿಗೆ ಮೊದಲು ಹೇಳಬೇಕಾದ ಬುದ್ಧಿವಾದ ಇದು: ನೇಮಕದ ಕಾಗದವನ್ನು ಕೇಳಿ ತೆಗೆದುಕೊಳ್ಳಿ. ಟ್ರೇನಿ, ಫೆಲೋ, ಪ್ರಾಜೆಕ್ಟ್ ಸಹಾಯಕ ಎಂದೆಲ್ಲ ಬಿರುದು ಕೊಟ್ಟಾರು; ಅಪಘಾತವಾದರೆ ಹೊಣೆ ಯಾರದೆಂದು ಅದರಲ್ಲಿ ಬರೆದಿದೆಯೋ ನೋಡಿ.

ಹೊಣೆಯೆಲ್ಲ ಮೇಲಿನವರ ನಿಷ್ಕಾಳಜಿಯದೇ ಎಂದು ಸಾಧಿಸಲು ನಾನು ಹೊರಟಿಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕ್ಯಾರನ್ ವೆಟರ್‌ಹಾನ್ ಸ್ವತಃ ಪ್ರಾಧ್ಯಾಪಕಿ, ವಿಷಲೋಹಗಳ ವಿಷಯದಲ್ಲಿ ಹೆಸರಾದವರು. 1996ರ ಆಗಸ್ಟಿನಲ್ಲಿ ಡೈಮೀಥೈಲ್ ಪಾದರಸದ ಒಂದೆರಡು ಹನಿ ಅವರ ಕೈಗವಸಿನ ಮೇಲೆ ಬಿತ್ತು. ಕೈಗವಸು ಇತ್ತು, ಜಾಗರೂಕತೆಯೂ ಇತ್ತು. ಆದರೆ ಆ ದ್ರವ ತೆಳು ಲೇಟೆಕ್ಸ್ ರಬ್ಬರನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆಂದು ಆಮೇಲೆ ಪರೀಕ್ಷೆ ಮಾಡಿದಾಗಲೇ ತಿಳಿದದ್ದು. ತಿಂಗಳುಗಟ್ಟಲೆ ಏನೂ ತೋರಲಿಲ್ಲ. ಬಳಿಕ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜೂನ್ 8ರಂದು, 48ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೈಗವಸು ಕೊಟ್ಟರೆ ಕರ್ತವ್ಯ ಮುಗಿಯಿತೆಂದು ತಿಳಿಯುವ ಮ್ಯಾನೇಜರರು ಇದನ್ನು ಓದಬೇಕು. ಯಾವ ವಸ್ತುವಿಗೆ ಯಾವ ಕೈಗವಸು ಎಂಬುದು ಪ್ರಶ್ನೆ.

ದೂರದ ಅಮೆರಿಕದ ಮಾತು ಎನ್ನಬೇಡಿ. ಸಂಗ್ಜಿಯ ಮೈಗೆ ಬೆಂಕಿ ಹೊತ್ತಿ ಸರಿಯಾಗಿ ಒಂದು ವರ್ಷಕ್ಕೆ, 2009ರ ಡಿಸೆಂಬರ್ 29ರಂದು, ಇದೇ ಮುಂಬಯಿಯ ಟ್ರಾಂಬೆಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ರಸಾಯನ ಪ್ರಯೋಗಾಲಯದಲ್ಲಿ ಬೆಂಕಿ ಎದ್ದು ಇಬ್ಬರು ತರುಣ ಸಂಶೋಧಕರು ಸತ್ತರು. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಅನಿಲದ ಸಿಲಿಂಡರು ಸಿಡಿದು ಒಬ್ಬ ಸಂಶೋಧಕ ಸತ್ತ, ಮೂವರು ಗಾಯಗೊಂಡರು. ದೇಶದ ಅತ್ಯುತ್ತಮ ಸಂಸ್ಥೆಗಳ ಕಥೆಯೇ ಇದಾದರೆ, ಗಲ್ಲಿಯೊಳಗಿನ ಹೆಸರಿಲ್ಲದ ಬಣ್ಣದ ಕಾರಖಾನೆಯ ಮಾತೇನು?

ಇನ್ನು ನಮ್ಮ ಮೈಮೇಲಿನ ಬಟ್ಟೆ. ಹತ್ತಿ ಉರಿದರೆ ಬೂದಿಯಾಗುತ್ತದೆ. ಪಾಲಿಯೆಸ್ಟರ್, ನೈಲಾನ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ತೆಗೆಯಹೋದರೆ ಚರ್ಮವೇ ಬರುತ್ತದೆ. ಹತ್ತಿಯೂ ಬೆಂಕಿ ಹಿಡಿಯದ ವಸ್ತುವಲ್ಲ, ಆದರೆ ಅಂಟುವುದಿಲ್ಲ. ಒಲೆಯ ಮುಂದೆ ಹತ್ತು ಗಂಟೆ ನಿಲ್ಲುವ ಅಡಿಗೆಯವನಿಗೆ ಯಜಮಾನರು ಹೊಲಿಸಿಕೊಡುವ ಯೂನಿಫಾರಂ ಯಾವುದರದು? ಒಗೆಯಲು ಸುಲಭ, ಇಸ್ತ್ರಿ ಬೇಡ, ಅಗ್ಗ ಎಂದು ಕೊಟ್ಟದ್ದನ್ನು ನಾವೂ ಹೊಳಪು ನೋಡಿ ಮೆಚ್ಚಿ ತೊಡುತ್ತೇವೆ. ಗಿರಣಿಗಳ ಬ್ಲೀಚಿಂಗ್ ಖಾತೆಯಲ್ಲಿ ಕಾಸ್ಟಿಕ್ ಸೋಡಾದ ಜೊತೆ ಬಾಳಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವರ ಕೈಮೇಲಿನ ಗುರುತು ಮುಚ್ಚಲಿಲ್ಲ. ಆ ಕೈಗಳನ್ನು ಹುಡುಗರಿಗೆ ತೋರಿಸಿ ಎಂದು ಅವರಲ್ಲಿ ಬೇಡಿಕೊಳ್ಳುತ್ತೇನೆ.

ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಖಾಲಿ ನೀರಿನ ಬಾಟಲಿಗೆ ಹೊಯ್ದು ಮೋರಿಯ ಮೂಲೆಯಲ್ಲಿ ಇಡುವುದು ಹೋಟೆಲುಗಳಲ್ಲಿ ಸಾಮಾನ್ಯ. ಬಾಯಾರಿದ ಕ್ಲೀನರ್ ಹುಡುಗ ಕತ್ತಲಲ್ಲಿ ಎತ್ತಿ ಕುಡಿದರೆ? ಹೆಚ್ಚು ಬೆಳ್ಳಗಾಗಲಿ ಎಂದು ಅದೇ ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಬೆರೆಸುವವರಿದ್ದಾರೆ. ಅದರಿಂದ ಏಳುವುದು ಕ್ಲೋರಿನ್, ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಿಟ್ಟ ಅನಿಲ. ಕಿಟಕಿಯಿಲ್ಲದ ಪಾಯಿಖಾನೆಯಲ್ಲಿ ಅದನ್ನು ಎಳೆದುಕೊಂಡವನ ಎದೆ ಕಟ್ಟುತ್ತದೆ. ಎರಡನ್ನೂ ಒಟ್ಟಿಗೆ ಬಳಸಕೂಡದೆಂದು ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಓದಬೇಕಾದವನು ಕುಂದಾಪುರದಿಂದಲೋ ಗುಲಬರ್ಗಾ ಕಡೆಯಿಂದಲೋ ಬಂದವನು, ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು.

1984ರಲ್ಲಿ ಭೋಪಾಲದ ವಿಷಾನಿಲ ಸಾವಿರಾರು ಜನರನ್ನು ಕೊಂದ ಮೇಲೆ, 1987ರಲ್ಲಿ ನಮ್ಮ ಸರಕಾರ ಕಾರಖಾನೆಗಳ ಕಾನೂನನ್ನು ತಿದ್ದಿ, ಅಪಾಯದ ವಸ್ತುಗಳ ವಿವರವನ್ನು ಕಾರ್ಮಿಕರಿಗೆ ತಿಳಿಸಲೇಬೇಕೆಂದು ಬರೆಯಿತು. ಬರೆದದ್ದು ಒಳ್ಳೆಯದೇ. ಆದರೆ ಅಕ್ಟೋಬರ್ 30ರ ಆ ಕಾಗದವೂ ಚೆನ್ನಾಗಿಯೇ ಬರೆದಿತ್ತಲ್ಲ! ಕಾನೂನನ್ನು ಓದಿ ಯಾರಾದರೂ ಬಂದು ಹೇಳಿಯಾರೆಂದು ಕಾಯುವುದಕ್ಕಿಂತ, ಪ್ರತಿ ಹೋಟೆಲಿನ ನಮ್ಮ ಸದಸ್ಯರು ಈ ವಾರವೇ ಮೋರಿಯ ಮೂಲೆಯ ಬಾಟಲಿಗಳನ್ನು ಎಣಿಸಲಿ. ಚೀಟಿಯಿಲ್ಲದವಕ್ಕೆ ಕನ್ನಡದಲ್ಲಿ ಒಂದು, ಹಿಂದಿಯಲ್ಲಿ ಒಂದು ಚೀಟಿ ಅಂಟಿಸಲಿ. ಜೊತೆಗೆ ಓದು ಬಾರದವನಿಗಾಗಿ ಕೆಂಪು ಬಣ್ಣದಲ್ಲಿ ಒಂದು ತಲೆಬುರುಡೆಯ ಚಿತ್ರ. ಅಂಟಿಸಲು ಅಡ್ಡಿ ಮಾಡುವ ಯಜಮಾನರಿದ್ದರೆ ಆ ಹೋಟೆಲಿನ ಹೆಸರನ್ನು ಸಂಘದ ಕಚೇರಿಗೆ ತಿಳಿಸಿ.